ನಾಲ್ಕಕ್ಕೇ ಕತ್ತಲಾಗುವ ಊರುಗಳು

"ಡಿಸೆಂಬರ್‌ನಲ್ಲಿ ಯೂರೋಪಾ? ಚಳಿಗೆ ಸೆಟೆದುಕೊಂಡು ಬರ್ತೀರ ಅಷ್ಟೇ" ಅಂದವರೇ ಹೆಚ್ಚು. ನನಗೆ ಚಳಿಯ ಚಿಂತೆ ಇರಲಿಲ್ಲ. ಇದ್ದದ್ದು ಕತ್ತಲಿನ ಚಿಂತೆ.

ನಮ್ಮನೆಯವರಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ. ಹಗಲಲ್ಲಿ ಓದ್ತಾರೆ, ಓಡಾಡ್ತಾರೆ. ಬೆಳಕು ಕಮ್ಮಿಯಾಯಿತೋ, ಎದುರಿನ ಕಂಬವೂ ಕಾಣೋದಿಲ್ಲ. ಅಕ್ಕಪಕ್ಕದ ನೋಟವೂ ವರ್ಷದಿಂದ ವರ್ಷಕ್ಕೆ ಕಿರಿದಾಗ್ತಿದೆ. "ಕಾಣುವಾಗಲೇ ನೋಡಿಬಿಡೋಣ" ಅಂತ ಹೊರಡಿಸಿದ್ದು ಅವರೇ. ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಹೋದ ಡಿಸೆಂಬರ್‌ನಲ್ಲಿ. ಅಲ್ಲೋ, ಆ ತಿಂಗಳು ಬೆಳಗ್ಗೆ ಎಂಟರ ಹೊತ್ತಿಗೆ ಬರುವ ಸೂರ್ಯ ಸಂಜೆ ನಾಲ್ಕಕ್ಕೆಲ್ಲ ಮನೆಗೆ ಹೋಗಿಬಿಡ್ತಾನೆ!

ಮೊದಲು ಪ್ರಾಗ್. ಚಾರ್ಲ್ಸ್ ಸೇತುವೆ ತಲುಪುವಷ್ಟರಲ್ಲಿ ಮಬ್ಬುಗತ್ತಲು. 516 ಮೀಟರ್ ಉದ್ದ, 30 ಶಿಲ್ಪ, ಕಾಲಡಿಗೆ ಉಬ್ಬುತಗ್ಗಿನ ಕಲ್ಲುಹಾಸು. ತೋಳು ಹಿಡಿಸಿಕೊಂಡು ನನ್ನ ಕಾಮೆಂಟರಿ ಶುರು: "ಎಡಕ್ಕೊಬ್ಬ ಸಂತ ರೀ, ಬಲಕ್ಕೊಬ್ಬ ಸಂತ, ಮುಂದೆ ಮೆಟ್ಟಿಲು". 1393ರಲ್ಲಿ ನದಿಗೆ ಎಸೆಯಲ್ಪಟ್ಟ ನೆಪೋಮುಕ್‌ನ ಜಾನ್ ಎಂಬ ಸಂತನ ಶಿಲ್ಪದ ಕೆಳಗೆ ಕಂಚಿನ ಫಲಕವಿದೆ. ಜನ ಮುಟ್ಟಿ ಮುಟ್ಟಿ ಬಂಗಾರದ ಹಾಗೆ ಹೊಳೀತಿದೆ. ಇವರು ಅದರ ಮೇಲೆ ಕೈಯಾಡಿಸಿ, "ಇದು ನನಗೇ ಹೇಳಿ ಮಾಡಿಸಿದ ಹಾಗಿದೆ" ಅಂದರು.

ರೈಲಿನಲ್ಲಿ ನಾಲ್ಕು ಗಂಟೆ ಪ್ರಯಾಣ ಮಾಡಿ ವಿಯೆನ್ನಾಕ್ಕೆ ಬಂದ ಮೇಲೆ ಪ್ಲಾನ್ ಬದಲಾಯಿಸಿದೆವು. ಹೊರಗಿನದೆಲ್ಲ ಊಟಕ್ಕೆ ಮುಂಚೆ, ದೀಪವಿರುವ ಮ್ಯೂಸಿಯಂ ಸಂಜೆಗೆ. ಕುನ್ಸ್ಟ್‌ಹಿಸ್ಟಾರಿಷಸ್ ಮ್ಯೂಸಿಯಂನಲ್ಲಿ ಬ್ರೂಗೆಲ್ 1565ರಲ್ಲಿ ಬರೆದ, ಹಿಮದಲ್ಲಿ ಬೇಟೆಗಾರರು ಮನೆಗೆ ಮರಳುವ ಚಿತ್ರವಿದೆ. ನಾನು ಎರಡು ನಿಮಿಷದಲ್ಲಿ ನೋಡಿ ಮುಗಿಸಿದೆ. ಇವರಿಗೆ ಇಡೀ ಚಿತ್ರ ಒಮ್ಮೆಗೆ ಕಾಣೋದಿಲ್ಲವಲ್ಲ.. ಮೊದಲು ನಾಯಿಗಳು, ಆಮೇಲೆ ಮರದ ಮೇಲಿನ ಹಕ್ಕಿ, ಆಮೇಲೆ ದೂರದಲ್ಲಿ ಮಂಜುಗಡ್ಡೆ ಮೇಲೆ ಆಡ್ತಿರೋ ಜನ. ಅರ್ಧ ಗಂಟೆ ನಿಂತರು. ಅವತ್ತು ಕಾಮೆಂಟರಿ ಅವರದು, ಕೇಳಿದ್ದು ನಾನು.

ಬುಡಾಪೆಸ್ಟ್‌ನ ಸೆಚೆನಿ ಸ್ನಾನಗೃಹ 1913ರದು. ಆಕಾಶದ ಕೆಳಗೆ ಬಿಸಿನೀರಿನ ಕೊಳ, ಮೈತುಂಬ ಹಬೆ. "ಇಲ್ಲಿ ಯಾರಿಗೂ ಯಾರೂ ಕಾಣಲ್ಲ ಕಣೇ, ಎಲ್ಲರೂ ನನ್ನ ಹಾಗೇ" ಅಂತ ಒಂದೇ ನಗು!

ಮರುದಿನ ಬೆಳಗ್ಗೆ ಡ್ಯಾನ್ಯೂಬ್ ದಡಕ್ಕೆ ಹೋದೆವು. 1944-45ರ ಚಳಿಗಾಲದಲ್ಲಿ ಆರೋ ಕ್ರಾಸ್ ಪಕ್ಷದವರು ಯಹೂದಿಗಳನ್ನು ಅಲ್ಲಿ ನಿಲ್ಲಿಸಿ, ಬೂಟು ಬಿಚ್ಚಿಸಿ, ಗುಂಡಿಟ್ಟು ನದಿಗೆ ಬೀಳಿಸಿದರು. ಅವರ ನೆನಪಿಗೆ 2005ರಲ್ಲಿ 60 ಜೊತೆ ಕಬ್ಬಿಣದ ಬೂಟುಗಳನ್ನು ಇಟ್ಟಿದ್ದಾರೆ. ಒಳ್ಳೆ ಬೆಳಕಿತ್ತು, ಇವರಿಗೆ ಚೆನ್ನಾಗಿ ಕಾಣ್ತಿತ್ತು. ಆದರೂ ಗ್ಲೌಸ್ ತೆಗೆದು, ಕೂತು, ಒಂದು ಮಗುವಿನ ಬೂಟನ್ನು ಮುಟ್ಟಿದರು. ಊಟದವರೆಗೂ ಇಬ್ಬರೂ ಮಾತಾಡಲಿಲ್ಲ.

ಮುಂದಿನ ಸಲ ಜೂನ್‌ನಲ್ಲಿ ಹೋಗೋಣ, ಆಗ ರಾತ್ರಿ ಎಂಟೂವರೆ ದಾಟಿದರೂ ಬೆಳಕಿರುತ್ತೆ ಅಂತ ನಾನು. ಮುಂದಿನ ಸಲಕ್ಕೆ ನೋಟ ಎಷ್ಟು ಉಳಿದಿರುತ್ತೋ ಅನ್ನೋದನ್ನ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ರಜೆಗೆ ಮಾತ್ರ ಈಗಲೇ ಅರ್ಜಿ ಹಾಕಿದ್ದೇವೆ. ಜೂನ್‌ನಲ್ಲಿ ಅಲ್ಲೆಲ್ಲ ಸುತ್ತಿ ಬಂದವರಿದ್ದರೆ ಹೇಳಿ, ಯಾವ ಊರಿಂದ ಶುರು ಮಾಡೋಣ?