ತಲೆಯೊಳಗಿನ ದಾರಿಗಳು, ಭಾಗ 7: ನಗುವಿನ ನರ

ಒಂದ್ಸಲ ಹುಬ್ಬು ಎತ್ತಿ. ಕಣ್ಣು ಬಿಗಿಯಾಗಿ ಮುಚ್ಚಿ. ಹಲ್ಲು ಕಾಣೋ ಹಾಗೆ ನಗಿ. ಇಷ್ಟನ್ನೂ ಮಾಡಿಸಿದ್ದು 7ನೇ ಕಪಾಲ ನರ, ಅಂದ್ರೆ ಫೇಶಿಯಲ್ ನರ್ವ್.

ಹೋದ ವರ್ಷ ನಮ್ಮ ಸೋದರತ್ತೆ ಬೆಳಗ್ಗೆ ಏಳೋವಷ್ಟರಲ್ಲಿ ಬಾಯಿ ಒಂದು ಕಡೆ ಎಳೆದಿತ್ತು. "ಲಕ್ವ ಹೊಡೀತು" ಅಂತ ಮನೆಯೆಲ್ಲ ಗಾಬರಿ. ಡಾಕ್ಟರು ಮೊದಲು ಹೇಳಿದ್ದು, "ಹಣೆ ಸುಕ್ಕು ಮಾಡಿ ಅಮ್ಮ." ಆ ಕಡೆಯ ಹಣೆ ಅಲ್ಲಾಡಲೇ ಇಲ್ಲ. ಹಣೆಗೆ ಮೆದುಳಿನ ಎರಡೂ ಕಡೆಯಿಂದ ಆದೇಶ ಬರುತ್ತೆ. ಹಾಗಾಗಿ ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ ಹಣೆ ಉಳ್ಕೊಳ್ಳುತ್ತೆ. ಅತ್ತೆಗೆ ಆಗಿದ್ದು ಬೆಲ್ಸ್ ಪಾಲ್ಸಿ. ಆದ್ರೆ ಮನೇಲಿ ಕೂತು ನೀವೇ ತೀರ್ಮಾನ ಮಾಡ್ಬೇಡಿ. ಬಾಯಿ ಸೊಟ್ಟಗಾದ್ರೆ ತಕ್ಷಣ ಆಸ್ಪತ್ರೆ. ಬೆಲ್ಸ್ ಆದ್ರೂ ಸ್ಟೀರಾಯ್ಡ್ 72 ಗಂಟೆಯೊಳಗೆ ಶುರುವಾಗ್ಬೇಕು.

ಈಗ ದಾರಿ ನೋಡೋಣ. ಬ್ರೈನ್‌ಸ್ಟೆಮ್‌ನಿಂದ ಹೊರಟ ನರ ಮೆದುಳಿನ ನೀರು ದಾಟಿ, ಒಳಕಿವಿಯ ಕಾಲುವೆ ಸೇರುತ್ತೆ. ಅಲ್ಲಿ ಅದರ ಜಾಗ ಮುಂದೆ, ಮೇಲೆ. ಕೇಳೋ ನರ ಅದರ ಕೆಳಗೆ. ಆಮೇಲೆ ಬರೋದು ಲ್ಯಾಬಿರಿಂಥೈನ್ ಭಾಗ: ಉದ್ದ 3–5 ಮಿ.ಮೀ., ಬಾಗಿಲಿನ ಅಗಲ 1 ಮಿ.ಮೀ.ಗಿಂತಲೂ ಕಮ್ಮಿ. ಸುತ್ತಲೂ ಮೂಳೆ. ನರ ಊದಿಕೊಂಡ್ರೆ ಹಿಗ್ಗೋಕೆ ಜಾಗವೇ ಇಲ್ಲ. ಅತ್ತೆಯಂಥವರ ನಗು ಸಿಕ್ಕಿಹಾಕಿಕೊಳ್ಳೋದು ಹೆಚ್ಚಾಗಿ ಇಲ್ಲೇ. ಮುಂದೆ ಜೆನಿಕ್ಯುಲೇಟ್ ಗ್ಯಾಂಗ್ಲಿಯಾನ್ ಹತ್ತಿರ ಗಕ್ಕನೆ ಹಿಂದಕ್ಕೆ ತಿರುವು, ನಡುಕಿವಿಯ ಗೋಡೆ, ಇನ್ನೊಂದು ತಿರುವು, ಮಾಸ್ಟಾಯ್ಡ್‌ನಲ್ಲಿ ನೇರ ಕೆಳಕ್ಕೆ ಇಳಿದು ಹೊರಗೆ.

ಸಿಟಿ ತೋರಿಸೋದು ಮೂಳೆಯ ಕಾಲುವೆ. ತಲೆಗೆ ಪೆಟ್ಟು ಬಿದ್ದಾಗ ಅದೇ ಬೇಕು. ನರವನ್ನೇ ನೋಡ್ಬೇಕಂದ್ರೆ ಎಂಆರ್‌ಐ, ಅದೂ ತೆಳು ಸ್ಲೈಸ್‌ಗಳಲ್ಲಿ.

ಕ್ಲಾಸ್‌ಮೇಟ್‌ಗಳೇ, ಇಲ್ಲೊಂದು ಬಲೆ ಇದೆ. ಕಾಂಟ್ರಾಸ್ಟ್ ಕೊಟ್ಟಾಗ ನರ ಹೊಳೆದ ತಕ್ಷಣ ಕಾಯಿಲೆ ಅನ್ಬೇಡಿ. ಜೆನಿಕ್ಯುಲೇಟ್‌ನಿಂದ ಮುಂದಿನ ಭಾಗಗಳ ಸುತ್ತ ರಕ್ತನಾಳಗಳ ಬಲೆ ಇರೋದ್ರಿಂದ ಆರೋಗ್ಯವಂತರಲ್ಲೂ ತುಸು ಹೊಳೆಯುತ್ತೆ. ಒಳಕಿವಿಯ ಕಾಲುವೆಯ ತುದಿ, ಲ್ಯಾಬಿರಿಂಥೈನ್ ಭಾಗ ಹೊಳೆದ್ರೆ ಎಚ್ಚರ. ಯಾವಾಗಲೂ ಇನ್ನೊಂದು ಕಡೆಗೆ ಹೋಲಿಸಿ ನೋಡಿ.

ಅತ್ತೆಗೆ ಸ್ಕ್ಯಾನ್ ಬೇಕಾಗಲೇ ಇಲ್ಲ. ಈಗ ಮೊದಲಿನ ಹಾಗೇ ಜೋರಾಗಿ ನಗ್ತಾರೆ. ಆದ್ರೆ ಸೊಟ್ಟ ವಾರಗಟ್ಟಲೆ ನಿಧಾನಕ್ಕೆ ಹೆಚ್ತಾ ಇದ್ರೆ, 3 ತಿಂಗಳಾದ್ರೂ ಸುಧಾರಿಸದಿದ್ರೆ, ಅದೇ ಕಡೆ ಮತ್ತೆ ಬಂದ್ರೆ, ಗೆಡ್ಡೆ ಹುಡುಕಲೇಬೇಕು. ರಿಕ್ವೆಸ್ಟ್ ಫಾರ್ಮ್‌ನಲ್ಲಿ ಬರೀ "ಫೇಶಿಯಲ್ ಪಾಲ್ಸಿ" ಅಂತ ಬರೀಬೇಡಿ. ಯಾವ ಕಡೆ, ಎಷ್ಟು ದಿನದಿಂದ, ಹೇಗೆ ಶುರುವಾಯ್ತು, ಅದನ್ನೂ ಬರೆಯಿರಿ. ಎಲ್ಲಿ ನೋಡ್ಬೇಕು ಅಂತ ಸ್ಕ್ಯಾನ್ ಓದೋರಿಗೆ ಹೇಳೋದು ಆ ಒಂದು ಸಾಲು.

ಮುಂದಿನ ಭಾಗ: ತಲೆಬುರುಡೆ ದಾಟಿದ ನರ ಪರೋಟಿಡ್ ಗ್ರಂಥಿಯೊಳಗೆ ಹೇಗೆ ಕವಲೊಡೆಯುತ್ತೆ. ಸೇವ್ ಮಾಡ್ಕೊಳ್ಳಿ, ಪೋಸ್ಟಿಂಗ್‌ಗೆ ಮುಂಚೆ ಇನ್ನೊಮ್ಮೆ ಓದಿ.