ಫುಕಟ್ ಎಡಿಟರು, ಎರಡೂವರೆ ಟನ್ ಕಬ್ಬು

ಕುಡಚಿ ಸ್ಟೇಶನ್ನಿನಲ್ಲಿ ಮೀರಜ ಕಡೆಯ ಗಾಡಿ ತಡವಾದರೆ ಮಾತು ಎಲ್ಲಿಂದೆಲ್ಲಿಗೆ ಹೋಗುತ್ತದೋ ಹೇಳಲಿಕ್ಕಾಗದು. ಮೊದಲು ಕೃಷ್ಣೆಯ ನೀರು, ಆಮೇಲೆ ಫ್ಯಾಕ್ಟರಿಯ ಕಬ್ಬಿನ ಬಿಲ್ಲು, ಅದು ಮುಗಿದರೆ ಬಾಗಲಕೋಟ–ಕುಡಚಿ ರೈಲು ಯಾವಾಗ ಬಂದೀತು ಎಂಬ ಹಳೇ ಪುರಾಣ. ಆ ಪುರಾಣ ಮುಗಿಯುವಂಥದ್ದಲ್ಲ, ಹಾಗಾಗಿ ಮೀರಜ ಗಾಡಿಯೇ ಮೊದಲು ಬರುತ್ತದೆ. ಈಚೆಗೆ ಈ ಸಾಲಿಗೆ ಇನ್ನೊಂದು ವಿಷಯ ಸೇರಿದೆ. ಸಾಂಗಲಿ, ಬೆಳಗಾವಿ ಕಾಲೇಜುಗಳಿಗೆ ಹೋಗುವ ಹುಡುಗರು ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿಕೊಂಡು, ಕೋಡ್ ಬರೆಯಲಿಕ್ಕೆ ಯಾವ ಎಡಿಟರ್ ಚಲೋ ಎಂದು ಜಗಳಾಡುತ್ತಾರೆ. ನಮ್ಮ ಅಕ್ಕನ ಮಗನೂ ಅವರಲ್ಲೊಬ್ಬ. ನಾನು ಪುಣೆಯಲ್ಲಿ ಇದೇ ಕಸುಬಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನಾದ್ದರಿಂದ ಪಂಚಾಯ್ತಿ ನನ್ನ ಮುಂದೆ ಬಂತು.

"ಮಾಮಾ, ಫುಕಟ್ ಇದ್ದದ್ದ ಹಾಕ್ಕೊಳ್ಳೋ, ರೊಕ್ಕಾ ಕೊಟ್ಟು ತೊಗೊಳ್ಳೋ?"

"ರೊಕ್ಕಾ ಎಷ್ಟಂತ?"

"ತೊಂಬತ್ತೊಂಬತ್ತು ಡಾಲರ್."

ಅವನು ಕೇಳುತ್ತಿದ್ದದ್ದು ಸಬ್ಲೈಮ್ ಟೆಕ್ಸ್ಟ್ ಬಗ್ಗೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜಾನ್ ಸ್ಕಿನ್ನರ್ ಎಂಬಾತ ಕೆಲಸ ಬಿಟ್ಟು ಕೂತು 2008ರಲ್ಲಿ ಹೊರತಂದ ಎಡಿಟರು. ಈಗ ಬೆಲೆ 99 ಡಾಲರು, ಜೊತೆಗೆ ಮೂರು ವರ್ಷದ ಹೊಸ ಆವೃತ್ತಿಗಳು. ಅವತ್ತಿನ ನಮ್ಮ ಲೆಕ್ಕಕ್ಕೆ ಎಂಟೂವರೆ ಸಾವಿರದ ಆಸುಪಾಸು. ಪಕ್ಕದಲ್ಲಿದ್ದ ಭಾವನವರು ಕಬ್ಬಿನ ಮನುಷ್ಯ, ಅವರಿಗೆ ಡಾಲರೂ ಗೊತ್ತಿಲ್ಲ, ಎಡಿಟರೂ ಗೊತ್ತಿಲ್ಲ, ಟನ್ನು ಮಾತ್ರ ಗೊತ್ತು. 2024–25ರ ಹಂಗಾಮಿಗೆ ಕೇಂದ್ರ ಸರಕಾರ ಗೊತ್ತು ಮಾಡಿದ ಎಫ್‌ಆರ್‌ಪಿ, ಅಂದರೆ ಕಬ್ಬಿನ ಕನಿಷ್ಠ ದರ, ಟನ್ನಿಗೆ 3,400 ರೂಪಾಯಿ, ಅದೂ ಸಕ್ಕರೆ ಇಳುವರಿ ಶೇಕಡಾ 10.25 ಬಿದ್ದರೆ. ಬಾಯಿಲೆಕ್ಕದಲ್ಲೇ ಅವರು ಎರಡೂವರೆ ಟನ್ನಿಗೆ ತಂದು ನಿಲ್ಲಿಸಿದರು. ಕಟಾವು, ಗಾಡಿ ಬಾಡಿಗೆ ಮುರಿದರೆ ಇನ್ನೂ ಒಂದಿಷ್ಟು.

"ಎರಡೂವರಿ ಟನ್ ಕಬ್ಬ ಹಾಕಿ ತರೂದು, ಬರೇ ಟೈಪ್ ಹೊಡ್ಯಾಕ?" ಎಂದರು.

"ಕೊಡದಿದ್ರೂ ನಡೀತೈತಿ ಅಪ್ಪಾ," ಎಂದ ಮಗ. ಅದೂ ನಿಜ. ಸಬ್ಲೈಮಿನ ಪರೀಕ್ಷಾ ಅವಧಿಗೆ ಮುಗಿತಾಯವೇ ಇಲ್ಲ. ಫೈಲು ಉಳಿಸುವಾಗ ನಡುನಡುವೆ ಒಂದು ಸಣ್ಣ ಕಿಟಕಿ ತೆರೆದು, ನೀವಿನ್ನೂ ಕೊಂಡಿಲ್ಲ, ಕೊಳ್ಳುತ್ತೀರಾ ಎಂದು ಕೇಳುತ್ತದೆ. ಕ್ಯಾನ್ಸಲ್ ಒತ್ತಿದರೆ ಹೋಯಿತು. ಉದ್ರಿ ವಸೂಲಿಗೆ ಬಂದು, ಬಾಗಿಲಲ್ಲಿ ಒಮ್ಮೆ ಕೆಮ್ಮಿ, ಮಾತಿಲ್ಲದೆ ತಿರುಗಿ ಹೋಗುವ ಸಾಹುಕಾರನಿದ್ದ ಹಾಗೆ. ತಿಂಗಳಿಗೆ ಲಕ್ಷಗಟ್ಟಲೆ ಎಣಿಸುತ್ತ ವರ್ಷಾನುಗಟ್ಟಲೆ ಆ ಕ್ಯಾನ್ಸಲ್ ಒತ್ತಿಕೊಂಡು ಬಂದ ಮಹನೀಯರನ್ನು ಪುಣೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ಹಳ್ಳಿಯವರದ್ದು ಎಂದು ಯಾರಾದರೂ ಅಂದರೆ ಅವರನ್ನು ಪುಣೆಯ ಹಿಂಜವಡಿಯ ಕಂಪನಿಗಳ ಒಳಗೆ ಒಂದು ಸುತ್ತು ಹಾಕಿಸಿಕೊಂಡು ಬರಬೇಕು.

ನಮ್ಮ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಟರ್ಬೊ ಸಿ ಇತ್ತು, ನೀಲಿ ಪರದೆಯ ಮೇಲೆ ಹಳದಿ ಅಕ್ಷರ. ಬೋರ್ಲ್ಯಾಂಡ್ ಕಂಪನಿ ಅದನ್ನು 1987ರಲ್ಲಿ ದುಡ್ಡಿಗೆ ಮಾರಲು ತಂದದ್ದು ಎಂಬುದೇ ನಮಗೆ ಗೊತ್ತಿರಲಿಲ್ಲ. ಫ್ಲಾಪಿಯಿಂದ ಫ್ಲಾಪಿಗೆ ನೆಗಡಿ ಹರಡಿದಷ್ಟೇ ಸಹಜವಾಗಿ ಬರುತ್ತಿತ್ತು. ಡಾಸ್ ಹೋಗಿ ಎಷ್ಟೋ ವರ್ಷ ಕಳೆದ ಮೇಲೂ, ವಿಂಡೋಸಿನೊಳಗೆ ಸುಳ್ಳು ಡಾಸ್ ಒಂದನ್ನು ನಿಲ್ಲಿಸಿ ಅದರೊಳಗೆ ಟರ್ಬೊ ಸಿ ಓಡಿಸುವ ಲ್ಯಾಬುಗಳನ್ನು ನಾನೇ ನೋಡಿದ್ದೇನೆ. ಮೇಷ್ಟ್ರು ನಿವೃತ್ತರಾದರೂ ನೀಲಿ ಪರದೆ ನಿವೃತ್ತವಾಗಲಿಲ್ಲ.

ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಂಡದ್ದನ್ನು ನಾನು ಮೊದಲು ನೋಡಿದ್ದು ಕಾಲೇಜಿನಲ್ಲೂ ಅಲ್ಲ, ಪುಣೆಯಲ್ಲೂ ಅಲ್ಲ, ನಮ್ಮೂರ ಡಿಟಿಪಿ ಅಂಗಡಿಯಲ್ಲಿ. ಅಂಗಡಿಯ ಚಾಚಾನಿಗೆ ಒಂದೇ ದಿನದಲ್ಲಿ ಮೂರು ಲಿಪಿಯ ಲಗ್ನಪತ್ರಿಕೆ ಬರುತ್ತಿದ್ದವು. ಕುಡಚಿ ಎಂದಮೇಲೆ ಅದು ಇದ್ದದ್ದೇ: ಕನ್ನಡ, ಮರಾಠಿ, ಉರ್ದು. ಮರಾಠಿಗೆ ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ, ಉರ್ದುವಿಗೆ ಇನ್‌ಪೇಜ್, ಕನ್ನಡಕ್ಕೆ ನುಡಿ. ಶ್ರೀಲಿಪಿಯ ಜೊತೆ ಡಾಂಗಲ್ ಎಂಬ ಬೆರಳುದ್ದದ ಸಾಮಾನು ಬರುತ್ತಿತ್ತು. ಕಂಪ್ಯೂಟರಿನ ಹಿಂದೆ ಪ್ರಿಂಟರಿನ ವೈರು ಸಿಗಿಸುವ ಕಡೆ ಅದನ್ನು ಚುಚ್ಚದಿದ್ದರೆ ಶ್ರೀಲಿಪಿ ಏಳುವುದಿಲ್ಲ. ರಾತ್ರಿ ಶಟರ್ ಎಳೆಯುವಾಗ ಚಾಚಾ ಗಲ್ಲೆಯ ದುಡ್ಡನ್ನು ಒಂದು ಕಿಸೆಗೆ, ಡಾಂಗಲ್ಲನ್ನು ಇನ್ನೊಂದು ಕಿಸೆಗೆ ಇಳಿಸುತ್ತಿದ್ದ. ದುಡ್ಡಿಗಿಂತ ಡಾಂಗಲ್ಲಿನ ಕಿಸೆಯನ್ನೇ ಹೆಚ್ಚು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದ.

ನುಡಿಗೆ ಆ ಕಾಟವಿಲ್ಲ. ಕನ್ನಡ ಗಣಕ ಪರಿಷತ್ತು ಸರಕಾರದ ನೆರವಿನಿಂದ ರೂಪಿಸಿ ಎಲ್ಲರಿಗೂ ಉಚಿತವಾಗಿ ಬಿಟ್ಟದ್ದು. ಅದಕ್ಕೂ ಮೊದಲು, 1998ರಲ್ಲಿ, ಶೇಷಾದ್ರಿ ವಾಸು ಅವರ ಬರಹ ಬಂದಿತ್ತು, ಅದೂ ಉಚಿತವಾಗಿಯೇ. ವರ್ಷಗಳ ಮೇಲೆ ಬರಹಕ್ಕೆ ಬೆಲೆ ಬಿದ್ದಾಗ ಕೆಲವರು ಗೊಣಗಿದರು. ಒಬ್ಬ ಮನುಷ್ಯ ವರ್ಷಾನುಗಟ್ಟಲೆ ಕೂತು ಒಂದು ಭಾಷೆಗೆ ಕೀಲಿಮಣೆ ಹೊಂದಿಸಿ ಕೊಟ್ಟ ಮೇಲೆ ದುಡ್ಡು ಕೇಳಿದರೆ ಅದರಲ್ಲಿ ಗೊಣಗುವಂಥದ್ದೇನು ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಮಜಾ ಇರುವುದು ಇದರ ಮುಂದೆ. ಯುನಿಕೋಡಿಗೆ ಮೊದಲು ನುಡಿಯಲ್ಲಿ ಹೊಡೆದ ಫೈಲುಗಳನ್ನು ಈಗ ಬರೇ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂರಿಸಿದ್ದ ಕಾಲ ಅದು. ಫಾಂಟು ತೆಗೆದರೆ ಒಳಗಿನ ಇಂಗ್ಲಿಷ್ ಹೊರಬೀಳುತ್ತದೆ. ನುಡಿಯಲ್ಲಿ ಹೊಡೆದ 'ಕನ್ನಡ' ಎಂಬ ಮೂರಕ್ಷರ ತೆರೆದರೆ ಒಂದು ಪಿ, ನೆತ್ತಿಯ ಮೇಲೆ ಗೀಟೆಳೆದ ಎ, ನಡುವೆ ಬ್ರಿಟಿಷರ ಪೌಂಡಿನ ಗುರುತು. ನಮ್ಮ 'ನ'ಕಾರ ಪೌಂಡಿನ ಮನೆಯಲ್ಲಿ ಬಾಡಿಗೆಗಿತ್ತು! ದುಡ್ಡು ಕೊಟ್ಟು ಕೊಂಡ ಶ್ರೀಲಿಪಿಯ ಹಳೇ ಫೈಲುಗಳ ಗತಿಯೂ ಇದೇ, ಅದರ ಮನೆಗಳು ಬೇರೆ ಅಷ್ಟೇ. ಚಾಚಾ ಒಂದಕ್ಕೆ ದುಡ್ಡು ಕೊಟ್ಟಿದ್ದ, ಇನ್ನೊಂದನ್ನು ಫುಕಟ್ ತಂದಿದ್ದ. ಸಿಕ್ಕಿಬಿದ್ದದ್ದು ಮಾತ್ರ ಎರಡರಲ್ಲೂ ಸಮ.

ಅಳಿಯನಿಗೆ ನಾನು ಹೇಳಿದ್ದು ಇಷ್ಟೇ: ನಿನ್ನ ಜಗಳ ಎಡಿಟರಿನ ಬೆಲೆಯದ್ದು, ನೋಡಬೇಕಾದ್ದು ಫೈಲನ್ನು. ಪ್ರೋಗ್ರಾಮು ಬರೆಯುವವನ ಭಾಗ್ಯವೆಂದರೆ ಅವನ ಫೈಲು ಬರೇ ಪಠ್ಯ. ಸಬ್ಲೈಮಿನಲ್ಲಿ ಬರೆದದ್ದನ್ನು ಮೈಕ್ರೋಸಾಫ್ಟಿನ ಫುಕಟ್ ಎಡಿಟರಾದ ವಿಎಸ್ ಕೋಡಿನಲ್ಲಿ ತೆರೆ, ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆ, ಒಂದಕ್ಷರ ಹೆಚ್ಚುಕಡಿಮೆ ಆಗದು. ಸೇರದಿದ್ದರೆ ನಾಳೆಯೇ ಎದ್ದು ಹೋಗಬಹುದು. ಹೀಗೆ ಎದ್ದು ಹೋಗುವ ಸವಲತ್ತು ಚಾಚಾನಿಗಿರಲಿಲ್ಲ.

ಎದ್ದು ಹೋಗುವ ಪ್ರಸಂಗ ಬಾರದೆಂದಲ್ಲ. ಗಿಟ್‌ಹಬ್ ಕಂಪನಿ 2014ರಲ್ಲಿ ಆಟಮ್ ಎಂಬ ಎಡಿಟರನ್ನು ಫುಕಟ್ ಕೊಟ್ಟಿತು, ಹುಡುಗರೆಲ್ಲ ಅದಕ್ಕೇ ಬಿದ್ದರು. 2015ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಎಸ್ ಕೋಡನ್ನು ತಂದಿತು, ಅದೂ ಫುಕಟ್. ತಮಾಷೆಯೆಂದರೆ ಅದನ್ನು ಕಟ್ಟಿದ್ದು ಆಟಮ್‌ಗಾಗಿಯೇ ಹುಟ್ಟಿದ ಎಲೆಕ್ಟ್ರಾನ್ ಎಂಬ ಅಡಿಪಾಯದ ಮೇಲೆ. 2018ರಲ್ಲಿ ಮೈಕ್ರೋಸಾಫ್ಟು ಗಿಟ್‌ಹಬ್ಬನ್ನೇ ಕೊಂಡುಕೊಂಡಿತು. ಒಂದೇ ಮನೆಯಲ್ಲಿ ಎರಡು ಫುಕಟ್ ಎಡಿಟರು ಯಾತಕ್ಕೆ? 2022ರ ಡಿಸೆಂಬರ್ 15ಕ್ಕೆ ಆಟಮ್ಮಿನ ಬಾಗಿಲು ಹಾಕಿತು. ಬಾಗಿಲಲ್ಲಿ ಕೆಮ್ಮುವ ಸಬ್ಲೈಮು ಇನ್ನೂ ಬದುಕಿದೆ. ಇದರಿಂದ ದುಡ್ಡಿನದೇ ಗಟ್ಟಿ ಎಂದು ತೀರ್ಮಾನಿಸಬೇಡಿ, ದುಡ್ಡಿನವೂ ಸತ್ತಿವೆ. ಫುಕಟ್ ಕೊಟ್ಟವನ ಲೆಕ್ಕ ಅವನ ಹತ್ತಿರವೇ ಇರುತ್ತದೆ ಎಂಬುದಷ್ಟೇ ನನ್ನ ಮಾತು.

ವಿಎಸ್ ಕೋಡಿನ ಲೆಕ್ಕವನ್ನೇ ನೋಡಿ. ಮೂಲ ಕೋಡು ಎಂಐಟಿ ಪರವಾನಗಿಯಲ್ಲಿ ಬಯಲಿಗಿದೆ, ಯಾರು ಬೇಕಾದರೂ ಒಯ್ಯಬಹುದು. ಆದರೆ ನಾವು ಇಳಿಸಿಕೊಳ್ಳುವ ಸಿದ್ಧ ಪ್ರತಿಗೆ ಮೈಕ್ರೋಸಾಫ್ಟಿನ ಬೇರೆಯೇ ಪರವಾನಗಿ. ಬಳಕೆಯ ವರದಿಯನ್ನು ಅದು ಮನೆಗೆ ಕಳಿಸುತ್ತಿರುತ್ತದೆ, ಬೇಡವೆಂದರೆ ಸೆಟ್ಟಿಂಗಿನಲ್ಲಿ ಹೋಗಿ ಬಂದ್ ಮಾಡಬೇಕು. ಅವರದೇ ಕೆಲವು ಎಕ್ಸ್‌ಟೆನ್ಶನ್ನುಗಳನ್ನು ಅವರ ಎಡಿಟರು ಬಿಟ್ಟು ಬೇರೆಡೆ ಬಳಸುವಂತಿಲ್ಲ. ಇದು ಸೇರದವರು ಅದೇ ಮೂಲ ಕೋಡಿನಿಂದ ವಿಎಸ್‌ಕೋಡಿಯಂ ಎಂಬುದನ್ನು ಕಟ್ಟಿ ಹಂಚುತ್ತಾರೆ. ನಾನು ಯಾರಿಗಾದರೂ ಶಿಫಾರಸು ಮಾಡಿದರೆ ಅದನ್ನೇ. ಹುಡುಗರು ಕೇಳುವುದಿಲ್ಲ, ಐಕಾನು ಚೆಂದ ಇಲ್ಲವಂತೆ.

ಫುಕಟ್‌ನಲ್ಲೂ ತರಹೇವಾರಿ ಮನುಷ್ಯರಿದ್ದಾರೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮಾಡಿದ ಡಾನ್ ಹೊ 2003ರಿಂದ ಒಂದು ಪೈ ಕೇಳದೆ ಕೊಡುತ್ತ ಬಂದಿದ್ದಾನೆ. ಬದಲಿಗೆ ತನ್ನ ರಾಜಕೀಯವನ್ನು ಆವೃತ್ತಿಯ ಹೆಸರಿನಲ್ಲೇ ಅಂಟಿಸಿ ಕಳಿಸುತ್ತಾನೆ. 2019ರಲ್ಲಿ ಒಂದು ಆವೃತ್ತಿಗೆ ಚೀನಾದ ಉಯಿಗರ್ ಜನರ ಬಿಡುಗಡೆಯ ಹೆಸರಿಟ್ಟದ್ದಕ್ಕೆ ಅವನ ತಾಣದ ಮೇಲೆ ದಾಳಿಯೇ ಆಯಿತು. ಇನ್ನು ನಾನು ಬಳಸುವ ವಿಮ್. ಡಚ್ಚರ ಬ್ರಾಮ್ ಮೂಲೆನಾರ್ 1991ರಲ್ಲಿ ಬಿಟ್ಟದ್ದು. ಖಾಲಿ ತೆರೆದರೆ ಪರದೆಯ ನಡುವೆ ಉಗಾಂಡಾದ ಬಡಮಕ್ಕಳಿಗೆ ನೆರವಾಗಿ ಎಂಬ ಸಾಲು ಕಾಣುತ್ತದೆ. ಬಳಸಿ ಹಿಡಿಸಿದರೆ ತನಗಲ್ಲ, ಉಗಾಂಡಾದ ಕಿಬಾಲೆಯ ಮಕ್ಕಳಿಗೆ ಕೊಡಿ ಎಂದ ಪುಣ್ಯಾತ್ಮ 2023ರ ಆಗಸ್ಟಿನಲ್ಲಿ ತೀರಿಕೊಂಡ. ವಿಮ್ ನಡೆದೇ ಇದೆ, ಬೇರೆಯವರು ಎತ್ತಿಕೊಂಡಿದ್ದಾರೆ. ಈ ಬೆಲೆಪಟ್ಟಿಯನ್ನು ಭಾವನವರಿಗೆ ವಿವರಿಸಿದೆ. "ಇದ ನೋಡ, ಮನಷ್ಯಾ!" ಎಂದರು. ಎರಡೂವರೆ ಟನ್ನಿನ ಮಾತು ಅಲ್ಲಿಗೆ ತಣ್ಣಗಾಯಿತು.

ಆದರೆ ನಾನು ವಿಮ್ಮಿನ ಪರ ವಕಾಲತ್ತು ವಹಿಸುವುದರೊಳಗೆ ಅಳಿಯ ಲ್ಯಾಪ್‌ಟಾಪ್ ಬಿಚ್ಚಿದ. ಅಪ್ಪನ ಕಬ್ಬಿನ ಬಿಲ್ಲು ತಾಳೆ ನೋಡಲು ಪೈಥಾನಿನಲ್ಲಿ ಒಂದು ಸಣ್ಣ ಪ್ರೋಗ್ರಾಮು ಬರೆದಿದ್ದ, ಹೆಸರುಗಳೆಲ್ಲ ಕನ್ನಡದಲ್ಲಿ. ಪೈಥಾನ್ 3 ಅದಕ್ಕೆ ಅವಕಾಶ ಕೊಡುತ್ತದೆ. ತೂಕ, ದರ, ಕಟಾವು, ಮುಂಗಡ. ತೂಕಕ್ಕೆ ದರ ಗುಣಿಸಿದರೆ 'ಒಟ್ಟು'. ನನ್ನ ವಿಮ್ಮನ್ನು ಟರ್ಮಿನಲ್ಲಿನಲ್ಲಿ ತೆರೆದು ಅದೇ ಫೈಲು ಹಾಕಿದರೆ 'ಒಟ್ಟು' ಒಡೆದು ಕೂತಿತ್ತು. ಟಕಾರದ ಕೆಳಗಿರಬೇಕಾದ ಒತ್ತು ಪಕ್ಕಕ್ಕೆ ಸರಿದು, ಕರ್ಸರು ಅಕ್ಷರದ ಒಂದು ಕಡೆ ಮಿನುಗಿದರೆ ಅಳಿಸುವುದು ಇನ್ನೊಂದು ಕಡೆ. ಟರ್ಮಿನಲ್ಲು ಪ್ರತಿ ಅಕ್ಷರಕ್ಕೂ ಅಳತೆ ಹಾಕಿದ ಒಂದೊಂದು ಚೌಕ ಕೊಡುತ್ತದೆ. ಇಂಗ್ಲಿಷ್ ಅದರಲ್ಲಿ ಶಿಸ್ತಾಗಿ ಕೂರುತ್ತದೆ, ಕನ್ನಡದ ಒತ್ತು, ದೀರ್ಘ, ಕೊಂಬುಗಳಿಗೆ ಚೌಕದ ಹಂಗಿಲ್ಲ. ವಿಎಸ್ ಕೋಡಿನಲ್ಲಿ ಅದೇ 'ಒಟ್ಟು' ದುಂಡಗೆ ಬಂತು, ಅದರ ಹೊಟ್ಟೆಯೊಳಗೆ ಇಡೀ ಬ್ರೌಸರೇ ಇದೆಯಲ್ಲ. ಅದಕ್ಕೇ ಅಷ್ಟು ಮೆಮೊರಿ ನುಂಗುತ್ತದೆ ಎನ್ನುವುದು ಬೇರೆ ಮಾತು. ಎಡಿಟರು ಆರಿಸುವ ಕನ್ನಡದ ಹುಡುಗ ಮೊದಲು ಒಂದು ಒತ್ತಕ್ಷರ ಹೊಡೆದು ನೋಡಲಿ, ಬೆಲೆ ಆಮೇಲೆ ಕೇಳಲಿ.

ಹೀಗೆ ಅವನು ವಿಎಸ್ ಕೋಡಿಗೇ ನಿಂತ. ನಾನೂ ಬೇಡವೆನ್ನಲಿಲ್ಲ. ಕೆಲಸ ಸಿಕ್ಕ ಮೇಲೆ ಕೈ ಸಬ್ಲೈಮಿಗೇ ಹೋದರೆ ದುಡ್ಡು ಕೊಟ್ಟು ಕೊಳ್ಳು, ಕ್ಯಾನ್ಸಲ್ ಒತ್ತುತ್ತ ಕೂರಬೇಡ ಎಂದೆ. ಆದರೆ ಕೊಳ್ಳುವ ಕಾಲವೇ ಹೋಗುತ್ತಿದೆ. ಎಡಿಟರು ಫುಕಟ್, ಅದರ ಪಕ್ಕ ಕೂತು ಮುಂದಿನ ಸಾಲು ಹೇಳಿಕೊಡುವ ಕೋಪೈಲಟ್ಟಿಗೆ ತಿಂಗಳ ಬಾಡಿಗೆ. 2024ರ ಡಿಸೆಂಬರಿನಿಂದ ಅದರದೂ ಒಂದು ಫುಕಟ್ ದರ್ಜೆ ಬಂತು, ತಿಂಗಳಿಗೆ 2,000 ಸಲ ಸಾಲು ತುಂಬಿಕೊಡುತ್ತದೆ. "ಇಪ್ಪತ್ತನೇ ತಾರೀಖಿಗೇ ಮುಗೀತಾವ ಮಾಮಾ," ಎಂದು ಅಳಿಯ ಹೇಳಿದಾಗ ಭಾವನವರು, ಹಾಗಾದರೆ ಉಳಿದ ಹತ್ತು ದಿನ ನಿನ್ನ ತಲೆ ಏನು ಮಾಡುತ್ತದೆ ಎಂದು ಕೇಳಿದರು. ಉತ್ತರ ಬರಲಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆ ತಲೆಗೆ ಕೆಲಸ ಸಿಕ್ಕಿತ್ತು. ಚಾಚಾನ ಹಳೇ ಫೈಲುಗಳನ್ನು ಯುನಿಕೋಡಿಗೆ ತರುವ ಕೆಲಸ. ನುಡಿಯಿಂದ ಯುನಿಕೋಡಿಗೆ ಬದಲಿಸುವ ಸಾಧನಗಳು ಈಗಾಗಲೇ ಇವೆ, ಅವೂ ಫುಕಟ್ಟೇ. ಆದರೆ ಚಾಚಾ ಒಂದೇ ಪತ್ರಿಕೆಯಲ್ಲಿ ವಧೂವರರ ಹೆಸರನ್ನು ಶ್ರೀಲಿಪಿಯಲ್ಲೂ ಮುಹೂರ್ತವನ್ನು ನುಡಿಯಲ್ಲೂ ಹೊಡೆದಿಟ್ಟ ಕಲಾವಿದ. ಯಾವ ಸಾಲು ಯಾರ ಮನೆಯದೆಂದು ಗುರುತಿಸುವ ಪ್ರೋಗ್ರಾಮನ್ನು ಹುಡುಗ ರಜೆಯಲ್ಲಿ ಕೂತು ಬರೆದ. ಪೌಂಡಿನ ಮನೆಯ ನಕಾರಗಳೆಲ್ಲ ಒಂದೊಂದಾಗಿ ಸ್ವಂತ ಮನೆಗೆ ಬಂದವು. ಚಾಚಾ ಕನ್ನಡಕ ಏರಿಸಿ, ಹಳೇ ಲಗ್ನಪತ್ರಿಕೆಗಳನ್ನು ಫೋನಿನಲ್ಲೇ ಓದಿ, ಇವರಿಬ್ಬರಿಗೆ ಈಗ ಮೊಮ್ಮಕ್ಕಳು ಎಂದೆಲ್ಲ ಹೇಳಿ ಸಂತೋಷಪಟ್ಟ. ಹುಡುಗ ಮೆಲ್ಲಗೆ ಎರಡು ಸಾವಿರ ಅಂದ.

"ಇದನ್ನ ಯಾತರಾಗ ಮಾಡೀದಿ ಬೇಟಾ?"

"ವಿಎಸ್ ಕೋಡಿನ್ಯಾಗ, ಚಾಚಾ."

"ಅದು ಫ್ರೀ ಐತಲ್ಲೋ?"

"ಹೂಂ, ಫ್ರೀ."

"ಮತ್ತ ಎರಡ ಸಾವಿರ ಯಾತರದ್ದು?"