ಡಿಶ್ ತಿರುಗಿಸಿದ್ದು ನಾನೇ



ಕಂಪ್ಯೂಟರಿನಲ್ಲಿ ಟಿ.ವಿ. ನೋಡುವುದು ಅಂದರೆ ಇಂಟರ್‌ನೆಟ್ ಬೇಕು ಅಂದುಕೊಳ್ಳುತ್ತೀರಿ. ನಮ್ಮ ಮನೆಯಲ್ಲಿ ಇಂಟರ್‌ನೆಟ್ ಇಲ್ಲದೆಯೇ ನೋಡಿದ್ದೇವೆ.

೨೦೨೦ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿತು. ಆಗ ನಾನು ಎರಡನೇ ತರಗತಿ, ಅಕ್ಕ ಎಂಟನೇ ತರಗತಿ. ಜುಲೈ ತಿಂಗಳಲ್ಲಿ ಚಂದನ ವಾಹಿನಿಯಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಯವರಿಗೆ ‘ಸಂವೇದ’ ಪಾಠ ಶುರುವಾಯಿತು. ಆದರೆ ನಮ್ಮ ಟಿ.ವಿ. ಸಿಡಿಲಿಗೆ ಸುಟ್ಟುಹೋಗಿತ್ತು. ಅಕ್ಕ ಅಳುತ್ತಾ ಕೂತಿದ್ದಳು.

ಬೆಂಗಳೂರಿನಿಂದ ಬಸ್ರೂರಿಗೆ ಬಂದಿದ್ದ ಸಣ್ಣ ಮಾವನ ಹಳೇ ಕಂಪ್ಯೂಟರಿನೊಳಗೆ ಟ್ಯೂನರ್ ಕಾರ್ಡ್ ಇತ್ತು. ಅದು ಅಂಗೈಯಷ್ಟು ದೊಡ್ಡ ಹಸಿರು ಹಲಗೆ. ಬಚ್ಚಲುಮನೆ ಟಾರಸಿಯ ಡಿಶ್‌ನಿಂದ ಬಂದ ವಯರನ್ನು ಮಾವ ಅದಕ್ಕೆ ತಿರುಪಿ ಕೂರಿಸಿದರು. ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಹಣ ಇಲ್ಲ. ಉಪಗ್ರಹ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಬರುವ ಅಂಕಿಗಳನ್ನು ಕಾರ್ಡ್ ಹಿಡಿದು ಕೊಡುತ್ತದೆ, ಕಂಪ್ಯೂಟರ್ ಅದನ್ನು ಚಿತ್ರ ಮಾಡುತ್ತದೆ. ಚಂದನ ಬಂತು! ಅಕ್ಕ ನೋಟ್ಸ್ ಬರೆಯಲು ಶುರು ಮಾಡಿದಳು.

ಒಂದು ದಿನ ನನ್ನ ಚೆಂಡು ಟಾರಸಿಗೆ ಹೋಯಿತು. ನಾನು ಹತ್ತುವಾಗ ಡಿಶ್‌ನ ಅಂಚು ಹಿಡಿದುಕೊಂಡೆ. ಅದು ಒಂಚೂರು ತಿರುಗಿತು. ಯಾರಿಗೂ ಹೇಳಲಿಲ್ಲ.

ಮರುದಿನ ಪಾಠದ ಹೊತ್ತಿಗೆ ಪರದೆ ಕಪ್ಪು. ಮಾವ ಕಂಪ್ಯೂಟರ್ ಬಿಚ್ಚಿದರು, ಕಾರ್ಡ್ ಒರೆಸಿದರು, ವಯರ್ ಬದಲಿಸಿದರು. ಮೂರು ದಿನ ಹೀಗೇ ಆಯಿತು. “ಕಾರ್ಡೇ ಹೋಯ್ತ್ ಕಾಣತ್” ಎಂದರು. ಅಕ್ಕ ಊಟ ಬಿಟ್ಟಳು. ನನಗೂ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ರಾತ್ರಿ ಮಾವನ ಹತ್ತಿರ ಹೋಗಿ, “ಮಾವ, ಡಿಶ್ ತಿರುಗ್ಸದ್ ನಾನೇ” ಎಂದೆ.

ಅಮ್ಮ ಬೈದರು. ಮಾವ ಮಾತ್ರ, “ಅಡ್ಡಿಲ್ಲೆ, ಈಗಾರೂ ಹೇಳ್ದೆ ಅಲ್ದಾ” ಎಂದರು. ಬೆಳಿಗ್ಗೆ ಡಿಶ್ಶನ್ನು ಆಗ್ನೇಯ ದಿಕ್ಕಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿದರು. ನಾನು ಕಿಟಕಿಯಲ್ಲಿ ನಿಂತು ಪರದೆ ನೋಡಿ “ಬಂತ್! ಬಂತ್!” ಎಂದು ಕೂಗಿದೆ.

ಹಿಂದಿನ ಟಿ.ವಿ.ಯಲ್ಲಿ ಆಂಟೆನಾ ತಿರುಗಿದರೆ ಚುಕ್ಕೆ ಚುಕ್ಕೆಯಾದರೂ ಚಿತ್ರ ಕಾಣುತ್ತಿತ್ತಂತೆ. ಡಿಜಿಟಲ್‌ನಲ್ಲಿ ಹಾಗಲ್ಲ. ಸಿಗ್ನಲ್ ಸ್ವಲ್ಪ ಕಡಿಮೆಯಾದರೂ ಚಿತ್ರ ಚೆನ್ನಾಗಿಯೇ ಇರುತ್ತದೆ. ಒಂದು ಮಿತಿ ದಾಟಿದರೆ ಚೌಕ ಚೌಕವಾಗಿ ಒಡೆದು ಪೂರಾ ಹೋಗುತ್ತದೆ. ತಪ್ಪು ಎಲ್ಲಿದೆ ಎಂದು ಪರದೆ ಹೇಳುವುದಿಲ್ಲ. ತಪ್ಪು ಮಾಡಿದವರೇ ಹೇಳಬೇಕು.

ಹೋದ ಮೂರು ದಿನದ ಪಾಠವನ್ನು ಅಕ್ಕ ಗೆಳತಿಯ ಪುಸ್ತಕ ನೋಡಿ ಬರೆದುಕೊಂಡಳು. ಆ ಪುಸ್ತಕವನ್ನು ಮಳೆಯಲ್ಲಿ ಕೊಡೆ ಹಿಡಿದು ತಂದುಕೊಟ್ಟವನು ನಾನು.

— ಏಳನೇ ತರಗತಿ ವಿದ್ಯಾರ್ಥಿ